ಹತ್ತು ರೂಪಾಯಿಯ ಪಿನ್ನು

ಯುಗಾದಿ ಕಳೆದ ಮೇಲಿನ ಭಾನುವಾರ ನಾವೆಲ್ಲ ವಿದುರಾಶ್ವತ್ಥಕ್ಕೆ ಹೋಗಿದ್ದೆವು. ಗೌರಿಬಿದನೂರಿನವರಿಗೆ ಅದು ದೂರದ ಯಾತ್ರೆಯೇನಲ್ಲ, ಬುತ್ತಿ ಕಟ್ಟಿಕೊಂಡು ಹೊರಟರೆ ಬುತ್ತಿ ಆರುವ ಮೊದಲೇ ತಲುಪುವಷ್ಟು ಹತ್ತಿರ. ಮೊದಲು ಹುತಾತ್ಮರ ಸ್ಮಾರಕದ ಹತ್ತಿರ ನಿಂತು, 1938ರ ಏಪ್ರಿಲ್ 25ರಂದು ಇಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಮಗಳಿಗೆ ಹೇಳಿದೆ. ಆಮೇಲೆ ಗುಡಿಯ ಕಡೆ ನಡೆದೆವು. ಅಲ್ಲಿನ ನಾಗರಕಲ್ಲುಗಳನ್ನು ನೋಡಿದವರಿಗೆ ಗೊತ್ತು, ಎಣಿಸಲು ಹೊರಟರೆ ಎಣಿಕೆಯೇ ಮರೆತುಹೋಗುವಷ್ಟಿವೆ. ಪುಟ್ಟಿ ಎಣಿಸುತ್ತ ಹೋಗುತ್ತಿದ್ದಳು. ನೂರ ಹದಿನೇಳೋ ಹದಿನೆಂಟೋ ಆಗಿರಬೇಕು, ಕೈ ಎತ್ತಿ ಇನ್ನೊಂದು ಸಾಲು ತೋರಿಸಿದಳು. ಅಷ್ಟೇ. ಮಣಿಕಟ್ಟಿನಿಂದ ಏನೋ ಜಾರಿ ಚಪ್ಪಡಿಯ ಮೇಲೆ ಬಿತ್ತು. ಸಣ್ಣ ಸದ್ದು, ಒಂದು ಸ್ಪೂನು ಬಿದ್ದಷ್ಟು.

ಬಿದ್ದದ್ದು ನಮ್ಮಪ್ಪನ ವಾಚು.

ಅಪ್ಪನ ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಎಚ್‌ಎಂಟಿ ಜನತಾ ಅದು. ಆ ಕಾಲದಲ್ಲಿ ವರನಿಗೆ ವಾಚು, ಸೈಕಲ್ಲು, ಟ್ರಾನ್ಸಿಸ್ಟರ್ ಇವುಗಳಲ್ಲಿ ಒಂದಾದರೂ ಕೊಡುವುದು ರೂಢಿ. ಅಪ್ಪ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಅದಕ್ಕೆ ಕೀ ಕೊಡುತ್ತಿದ್ದರು. ಅವರು ಹೋದ ಮೇಲೆ ಬೀರುವಿನಲ್ಲಿ ಬಿದ್ದಿತ್ತು. ಪುಟ್ಟಿ ಏಳನೇ ತರಗತಿಗೆ ಬಂದಾಗ ‘ನನಗೆ ಬೇಕು’ ಎಂದಳು. ಹಳೇ ಬೆಲ್ಟು ಒಣಗಿ ಹಪ್ಪಳದಂತೆ ಮುರಿಯುತ್ತಿತ್ತು. ಬೆಂಗಳೂರಿಗೆ ಹೋಗಿದ್ದಾಗ ಒಂದು ಅಂಗಡಿಯಲ್ಲಿ ನಾನೂರೈವತ್ತು ರೂಪಾಯಿ ಕೊಟ್ಟು ಒಳ್ಳೇ ತೊಗಲಿನ ಬೆಲ್ಟು ಹಾಕಿಸಿದೆ, ಅವಳ ಸಣ್ಣ ಕೈಗೆ ಎರಡು ತೂತು ಹೆಚ್ಚಿಗೆ ಹೊಡೆಸಿದೆ. ಚೌಕಾಸಿ ಮಾಡಿ ಐವತ್ತು ರೂಪಾಯಿ ಇಳಿಸಿದ್ದೆ ಎಂದು ಆಗ ಜಂಬವೂ ಪಟ್ಟಿದ್ದೆ.

ಈಗ ಬೆಲ್ಟು ವಾಚಿಗೇ ಅಂಟಿಕೊಂಡು ಬಿದ್ದಿತ್ತು, ಒಂದು ತುದಿ ಬಿಟ್ಟುಕೊಂಡು. ವಾಚು ಕೆಳಗೆ. ಗಾಜಿನ ಮೇಲೆ ಅಡ್ಡಲಾಗಿ ಬಿರುಕು. ಸೆಕೆಂಡಿನ ಮುಳ್ಳು ಕಳಚಿ ಗಾಜಿನೊಳಗೆ ಅಡ್ಡಾದಿಡ್ಡಿ ಬಿದ್ದಿತ್ತು. ಕಿವಿಗೆ ಹಿಡಿದರೆ ಸದ್ದಿಲ್ಲ. ಪುಟ್ಟಿಯ ಮುಖ ನೋಡಿ ನಾನು ಬೈಯಲು ಎತ್ತಿದ ಮಾತನ್ನು ನುಂಗಿಕೊಂಡೆ. ಅವಳು ಅಳಲಿಲ್ಲ. ಮೊಣಕಾಲೂರಿ ಕೂತು ಚಪ್ಪಡಿಯ ಮೇಲೆ ಹುಡುಕಲು ಶುರುಮಾಡಿದಳು. ‘ಇನ್ನೇನು ಹುಡುಕ್ತೀಯೆ, ವಾಚು ಸಿಕ್ತಲ್ಲ’ ಎಂದೆ. ‘ಅದು ಯಾಕೆ ಬಿತ್ತು ಅಂತ ಹುಡುಕ್ತಿದೀನಿ’ ಎಂದಳು.

ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ನಮ್ಮ ತಾಲ್ಲೂಕೇ ಅಲ್ಲವೇ. ಯಾಕೆ ಎಂದು ಕೇಳುವ ಚಾಳಿ ಇಲ್ಲಿನ ನೀರಿನಲ್ಲೇ ಇದೆ ಎಂದು ನಮ್ಮಪ್ಪ ಹೇಳುತ್ತಿದ್ದರು. ಹತ್ತು ನಿಮಿಷದ ಮೇಲೆ ಒಂದು ನಾಗರಕಲ್ಲಿನ ಬುಡದಲ್ಲಿ, ಅರಿಶಿನ ಕುಂಕುಮದ ನಡುವೆ, ಅಕ್ಕಿಕಾಳಿಗಿಂತ ತೆಳ್ಳಗಿನ ಒಂದು ಲೋಹದ ಕಡ್ಡಿ ಅವಳಿಗೆ ಸಿಕ್ಕಿತು. ಅದನ್ನು ಬಸ್ ಟಿಕೆಟ್ಟಿನಲ್ಲಿ ಸುತ್ತಿ ನನ್ನ ಪರ್ಸಿನಲ್ಲಿ ಇಟ್ಟಳು.

ಮಾರನೆಯ ದಿನ ಸಂಜೆ ಊರಿನ ವಾಚ್ ರಿಪೇರಿ ತಾತನ ಹತ್ತಿರ ಹೋದೆವು. ಮೊಬೈಲು ಬಂದ ಮೇಲೆ ಇಂಥ ಅಂಗಡಿಗಳು ಕಡಿಮೆಯಾಗಿವೆ. ತಾತನದು ಅಂಗಡಿ ಎನ್ನುವುದಕ್ಕಿಂತ ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಬಲ್ಬು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚು ನೋಡಿದರು. ಆಮೇಲೆ ಟಿಕೆಟ್ಟು ಬಿಚ್ಚಿ ಕಡ್ಡಿ ನೋಡಿದರು. ಕಡ್ಡಿಯನ್ನೇ ಹೆಚ್ಚು ಹೊತ್ತು ನೋಡಿದರು.

‘ಏನಮ್ಮ, ಬೆಲ್ಟು ಹೊಸದು ಹಾಕ್ಸಿದೀರ, ಪಿನ್ನು ಹಳೇದೇ ಬಿಟ್ಟಿದೀರಲ್ಲ?’

ಬೆಲ್ಟು ಹಾಕಿದ ಹುಡುಗ ಹಳೇ ಪಿನ್ನನ್ನೇ ತೆಗೆದು ಹಾಕಿದ್ದ. ನಾನು ಬೆಲ್ಟಿನ ಬಣ್ಣ ನೋಡಿದೆ, ಹೊಲಿಗೆ ನೋಡಿದೆ, ಪಿನ್ನನ್ನು ನೋಡಲಿಲ್ಲ. ಹೊಸ ಬೆಲ್ಟಿನ ಜೊತೆ ಸಾಮಾನ್ಯವಾಗಿ ಎರಡು ಪಿನ್ನೂ ಬರುತ್ತವೆ, ಕೇಳಿದ್ದರೆ ಬಿಟ್ಟಿಯಾಗಿ ಸಿಗುತ್ತಿತ್ತೇನೋ. ಬಿಡಿಯಾಗಿ ಕೊಂಡರೂ ನಮ್ಮೂರಲ್ಲಿ ಒಂದಕ್ಕೆ ಹತ್ತು ರೂಪಾಯಿ.

‘ರೇಷ್ಮೆಗೂಡು ಎಷ್ಟು ಚೆನ್ನಾಗಿದ್ರೇನು, ನೂಲು ತೆಗೆಯೋನು ಸರಿಯಿಲ್ದಿದ್ರೆ ಸೀರೆ ಆಗ್ತದಾ?’ ಎಂದರು ತಾತ. ಶಿಡ್ಲಘಟ್ಟದ ಕಡೆಯ ನೆಂಟಸ್ತಿಕೆ ಇರಬೇಕು.

ಮಕ್ಕಳೇ, ನಿಮ್ಮ ಕೈಯಲ್ಲೋ ಅಪ್ಪ ಅಮ್ಮನ ಕೈಯಲ್ಲೋ ವಾಚಿದ್ದರೆ ಈಗಲೇ ತಿರುಗಿಸಿ ನೋಡಿ. ಡಬ್ಬಿಯ ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಪುಟ್ಟ ಕಾಲುಗಳು ಚಾಚಿಕೊಂಡಿರುತ್ತವೆ. ಅವನ್ನು ಲಗ್ ಎನ್ನುತ್ತಾರೆ. ಪ್ರತಿ ಕಾಲಿನ ಒಳಮೈಯಲ್ಲಿ ಒಂದು ಸಣ್ಣ ಗುಳಿ ಇದೆ. ಎರಡು ಕಾಲಿನ ನಡುವೆ, ಬೆಲ್ಟಿನ ಹೊಟ್ಟೆಯೊಳಗೆ ಅಡಗಿರುವುದೇ ಈ ಪಿನ್ನು. ಕಂಪನಿಯವರು ಸ್ಪ್ರಿಂಗ್ ಬಾರ್ ಎನ್ನುತ್ತಾರೆ. ನೋಡಲು ಒಂದೇ ಕಡ್ಡಿ, ನಿಜಕ್ಕೂ ಅದರಲ್ಲಿ ನಾಲ್ಕು ಭಾಗ ಇವೆ. ಹೊರಗೆ ಟೊಳ್ಳು ಕೊಳವೆ. ಒಳಗೆ ಬಾಲ್ ಪೆನ್ನಿನಲ್ಲಿ ಇರುತ್ತದಲ್ಲ, ಅಂಥದ್ದೇ ಸ್ಪ್ರಿಂಗು, ಅದಕ್ಕಿಂತ ಎಷ್ಟೋ ಸಣ್ಣದು. ಎರಡು ತುದಿಗೆ ಎರಡು ಮೊಳೆ. ಮೊಳೆಗೆ ಒಂದು ಅಂಚು ಇರುತ್ತದೆ, ಬೆಲ್ಟು ಹಾಕುವ ಕಡ್ಡಿಯ ಕವಲಿನಲ್ಲಿ ಆ ಅಂಚನ್ನು ಹಿಡಿದು ಒತ್ತಿದರೆ ಮೊಳೆ ಒಳಗೆ ಹೋಗುತ್ತದೆ, ಬಿಟ್ಟರೆ ಚಿಮ್ಮಿ ಹೊರಗೆ ಬಂದು ಗುಳಿಯಲ್ಲಿ ಕೂರುತ್ತದೆ. ಕೂತಾಗ ‘ಟಿಕ್’ ಎನ್ನಬೇಕು.

ವಾಚಿನ ಭಾರವನ್ನು ಹೊರುವುದು ಸ್ಪ್ರಿಂಗು ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಭಾರ ಹೊರುವುದು ಮೊಳೆಯ ತುದಿ. ಸ್ಪ್ರಿಂಗಿನ ಕೆಲಸ ಮೊಳೆ ಗುಳಿ ಬಿಟ್ಟು ಹಿಂದೆ ಸರಿಯದಂತೆ ಕಾಯುವುದು, ಅಷ್ಟೇ. ಹಾಗಾಗಿ ಪಿನ್ನು ಕೈಕೊಡುವ ದಾರಿಯೂ ಎರಡು: ತುದಿ ಸವೆದು ಮುರಿಯಬೇಕು, ಇಲ್ಲವೇ ಕಾವಲುಗಾರ ನಿದ್ದೆ ಹೋಗಬೇಕು. ನಮ್ಮದರಲ್ಲಿ ಎರಡನೆಯದು. ಒಂದು ತುದಿ ಒಳಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತ್ತು. ತಾತ ಇಕ್ಕಳದಿಂದ ಕೊಳವೆಯನ್ನು ಹಿಸುಕಿ ಬಿಡಿಸಿದರು. ಬಿಳಿ ಕಾಗದದ ಮೇಲೆ ಚಿಟಿಕೆ ನಶ್ಯದಷ್ಟು ಕೆಂಪು ಪುಡಿ ಬಿತ್ತು, ಜೊತೆಗೆ ಎರಡು ತುಂಡಾದ ಸ್ಪ್ರಿಂಗು. ತುಕ್ಕು. ಅಪ್ಪನ ಕೈಯ ಎಷ್ಟು ಬೇಸಿಗೆಯ ಬೆವರೋ ಅದು. ಬೆವರಿನಲ್ಲಿ ಉಪ್ಪಿದೆ, ಉಪ್ಪುನೀರು ಬೆಲ್ಟಿನ ತೂತಿನೊಳಗೆ ಇಳಿದರೆ ಬೇಗ ಒಣಗುವುದಿಲ್ಲ, ಕೊಳವೆಯ ಸಂದಿಗೆ ನುಗ್ಗಿ ಕೂರುತ್ತದೆ.

ಪುಟ್ಟಿ ಆ ಕೆಂಪು ಪುಡಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದಳು. ‘ಇದು ತಾತನ ಬೆವರಾ?’ ಎಂದು ಕೇಳಿದಳು. ನಾನು ಏನೂ ಹೇಳಲಿಲ್ಲ.

ಹಾಗಾದರೆ ಹತ್ತು ರೂಪಾಯಿಯ ಪಿನ್ನು ಸಾಕೇ, ಇನ್ನೂ ಒಳ್ಳೆಯದು ಬೇಕೇ? ತಾತ ಎರಡು ಡಬ್ಬಿ ತೆಗೆದರು. ಒಂದರಲ್ಲಿ ನಿಕ್ಕಲ್ ಲೇಪ ಕೊಟ್ಟ ಮಾಮೂಲಿ ಪಿನ್ನುಗಳು, ಹತ್ತು ರೂಪಾಯಿಯವು. ಇನ್ನೊಂದರಲ್ಲಿ ಸ್ಟೇನ್‌ಲೆಸ್ ಸ್ಟೀಲಿನವು, ನಲವತ್ತು ರೂಪಾಯಿ. ಎರಡನ್ನೂ ಅಂಗೈ ಮೇಲೆ ಇಟ್ಟರೆ ನನ್ನ ಕಣ್ಣಿಗೆ ಅವಳಿ ಜವಳಿ. ಲೇಪ ಇರುವ ತನಕ ಎರಡೂ ಹೊಳೆಯುತ್ತವೆ. ಲೇಪ ಸವೆದ ಮೇಲೆ ಒಳಗಿನ ಕಬ್ಬಿಣವೋ ಹಿತ್ತಾಳೆಯೋ ಹೊರಗೆ ಬರುತ್ತದೆ. ಸ್ಟೇನ್‌ಲೆಸ್‌ನಲ್ಲಿ ಸವೆಯಲು ಲೇಪವೇ ಇಲ್ಲ. ಅದರಲ್ಲೂ 316ಎಲ್ ಎಂಬ ಬಗೆಯದು ಉಪ್ಪಿಗೆ ಹೆಚ್ಚು ತಾಳುತ್ತದೆ, ಇವತ್ತಿನ ಎಷ್ಟೋ ವಾಚುಗಳ ಡಬ್ಬಿಯನ್ನೂ ಅದರಿಂದಲೇ ಮಾಡುತ್ತಾರೆ.

ಪುಟ್ಟಿ ಜಾಣತನ ತೋರಿಸಲು ಹೋದಳು. ಶಾಲೆಯ ಬ್ಯಾಗಿನಿಂದ ಅಯಸ್ಕಾಂತ ತೆಗೆದು, ‘ಸ್ಟೇನ್‌ಲೆಸ್ ಆದ್ರೆ ಅಂಟಲ್ಲ ಅಲ್ವಾ?’ ಎಂದು ಪಿನ್ನಿನ ಕಡೆ ಚಾಚಿದಳು. ತಾತ ಹಾವು ಕಂಡವರಂತೆ ಕೈ ಅಡ್ಡ ಹಿಡಿದರು. ‘ದೂರ ಇಡಮ್ಮ ಅದನ್ನ! ಇಲ್ಲಿ ಹದಿನೈದು ವಾಚು ಬಿಚ್ಚಿ ಇಟ್ಟಿದೀನಿ!’ ಕೀ ಕೊಡುವ ವಾಚಿನೊಳಗೆ ಕೂದಲಿನಂಥ ಒಂದು ಸುರುಳಿ ಇರುತ್ತದೆ. ಅದು ಅಯಸ್ಕಾಂತಕ್ಕೆ ಸಿಕ್ಕಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ವಾಚು ಓಡತೊಡಗುತ್ತದೆ, ದಿನಕ್ಕೆ ಎಷ್ಟೋ ನಿಮಿಷ ಮುಂದೆ. ಅಲ್ಲದೆ ಈ ಪರೀಕ್ಷೆ ನಂಬುವಂಥದ್ದೂ ಅಲ್ಲ. ಸ್ಟೇನ್‌ಲೆಸ್ ತಂತಿಯನ್ನು ಎಳೆದು ಸುತ್ತಿ ಸ್ಪ್ರಿಂಗು ಮಾಡುವಾಗ ಅದಕ್ಕೂ ತುಸು ಅಂಟುವ ಗುಣ ಬಂದುಬಿಡುತ್ತದೆ.

ತಾತನ ಪರೀಕ್ಷೆಗಳು ಬೇರೆ. ಪಿನ್ನಿನ ಎರಡು ತುದಿಯನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿ ಬಿಡುವುದು. ಎರಡೂ ಪೂರ್ತಿ ಹೊರಗೆ ಚಿಮ್ಮಬೇಕು, ಒಂದು ಸೋಮಾರಿತನ ಮಾಡಿದರೂ ಅದು ಕಸದ ಬುಟ್ಟಿಗೆ. ಆಮೇಲೆ ಗಾಜಿನ ಮೇಲೆ ಉರುಳಿಸುವುದು. ನೆಟ್ಟಗಿದ್ದರೆ ಸಲೀಸಾಗಿ ಉರುಳುತ್ತದೆ, ಬಾಗಿದ್ದರೆ ಕುಂಟುತ್ತದೆ. ಹಾಕಿದ ಮೇಲೆ ವಾಚನ್ನು ಮೇಜಿನ ಮೇಲೆ, ಬಟ್ಟೆಯ ಮೇಲೆ ಹಿಡಿದು ಬೆಲ್ಟನ್ನು ಜಗ್ಗುವುದು. ಬಿಚ್ಚಿಕೊಳ್ಳುವ ಹಾಗಿದ್ದರೆ ಅಲ್ಲೇ ಬಿಚ್ಚಿಕೊಳ್ಳಲಿ.

ಅಳತೆಯ ವಿಷಯ ಬೆಲೆಗಿಂತ ದೊಡ್ಡದು ಎಂದು ನನಗೆ ಆಮೇಲೆ ತಿಳಿಯಿತು. ಎರಡು ಕಾಲಿನ ನಡುವಿನ ಅಂತರವನ್ನು ಕಂಪಾಸ್ ಬಾಕ್ಸಿನ ಸ್ಕೇಲಿನಿಂದಲೇ ಅಳೆಯಬಹುದು. ನಮ್ಮಪ್ಪನ ವಾಚಿಗೆ 18 ಮಿಲಿಮೀಟರು. ಈಗಿನ ಗಂಡಸರ ವಾಚಿಗೆ 20, 22 ಸಾಮಾನ್ಯ. ಹದಿನೆಂಟರ ಜಾಗಕ್ಕೆ ಹದಿನೇಳರ ಪಿನ್ನು ಹಾಕಿದರೂ ಕೂತಂತೆ ಕಾಣುತ್ತದೆ, ತುದಿ ಮಾತ್ರ ಗುಳಿಯ ಅಂಚಿನಲ್ಲಿ ನಿಂತಿರುತ್ತದೆ, ಬಾಗಿಲಿಗೆ ಅರ್ಧ ಚಿಲಕ ಹಾಕಿದ ಹಾಗೆ. ಕೆಲವು ಅಂಗಡಿಯಲ್ಲಿ ಸರಿಯಾದದ್ದು ಇಲ್ಲದಾಗ ‘ನಡೀತದೆ ತಗೊಳ್ಳಿ’ ಎಂದು ಕೊಡುತ್ತಾರೆ. ನಡೆಯುವುದಿಲ್ಲ.

ಇನ್ನು ತುದಿಯ ದಪ್ಪ. ಸಾಧಾರಣ ಪಿನ್ನಿನ ತುದಿ ಸುಮಾರು 0.8 ಮಿಲಿಮೀಟರು. ಸಮುದ್ರಕ್ಕೆ ಧುಮುಕುವವರ ಭಾರಿ ವಾಚುಗಳಿಗೆ ಕೆಲವು ಕಂಪನಿಗಳು 1.1 ಮಿಲಿಮೀಟರಿನ ತುದಿ ಕೊಡುತ್ತವೆ. ಕೇಳಲು ಏನೂ ವ್ಯತ್ಯಾಸ ಇಲ್ಲ ಅನ್ನಿಸುತ್ತದೆ. ರಾತ್ರಿ ಪುಟ್ಟಿಗೆ ಲೆಕ್ಕ ಕೊಟ್ಟೆ: ವೃತ್ತದ ವಿಸ್ತೀರ್ಣ ಕಂಡುಹಿಡಿ. 3.14 × 0.4 × 0.4, ಸುಮಾರು 0.5 ಚದರ ಮಿಲಿಮೀಟರು. 3.14 × 0.55 × 0.55, ಸುಮಾರು 0.95. ಹೆಚ್ಚುಕಡಿಮೆ ಎರಡರಷ್ಟು ಲೋಹ! ಪುಟ್ಟಿ ಎರಡು ಸಲ ಮಾಡಿ ನೋಡಿದಳು. ಹಾಗೆಂದು ಸಣ್ಣ ಗುಳಿಗೆ ದಪ್ಪ ತುದಿ ತುರುಕಲಾಗದು, ಗುಳಿಯನ್ನು ಕೊರೆದು ಅಗಲಿಸಿ ಹಾಕುವುದಂತೂ ಕೂಡದು. ದೊಡ್ಡ ಗುಳಿಗೆ ಸಣ್ಣ ತುದಿ ಹಾಕುವುದೂ ತಪ್ಪೇ. ಅಲ್ಲಾಡಿ ಅಲ್ಲಾಡಿ ದುಂಡಗಿನ ಗುಳಿ ಮೊಟ್ಟೆಯಾಕಾರ ಆಗುತ್ತದೆ. ಪಿನ್ನು ಹೋದರೆ ಪಿನ್ನು ಸಿಗುತ್ತದೆ, ಗುಳಿ ಹೋದರೆ ಡಬ್ಬಿಯೇ ಹೋದಂತೆ.

ಎಚ್‌ಎಂಟಿ ಡಬ್ಬಿ ಇನ್ನೆಲ್ಲಿ ತರುವುದು? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ವಾಚು ಕಾರ್ಖಾನೆ ಅದು. ಆಮೇಲೆ ತುಮಕೂರಿನಲ್ಲೂ ಒಂದಾಯಿತು. ದೇಶಕ್ಕೇ ಸಮಯ ಹೇಳಿದ ಕಂಪನಿ. 2016ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಈಗ ತಾತನಂಥವರು ಕೆಟ್ಟ ವಾಚುಗಳನ್ನು ಬಿಚ್ಚಿ ಅದರ ಭಾಗ ಇದಕ್ಕೆ, ಇದರ ಭಾಗ ಅದಕ್ಕೆ ಹಾಕಿ ಬದುಕಿಸುತ್ತಿದ್ದಾರೆ. ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಮ್ಯೂಸಿಯಂ ಇದೆ, ರಜೆಯಲ್ಲಿ ಬೆಂಗಳೂರಿಗೆ ಹೋದರೆ ನೋಡಿ ಬನ್ನಿ.

ಪಿನ್ನಿನ ಕಥೆಯೂ ಹಳೆಯದೇ. ಮೊದಲನೇ ಮಹಾಯುದ್ಧದ ಸೈನಿಕರು ಜೇಬಿನ ವಾಚು ತೆಗೆದು ನೋಡಲು ಪುರಸೊತ್ತಿಲ್ಲದೆ ಕೈಗೆ ಕಟ್ಟಿಕೊಂಡರು. ಆ ವಾಚುಗಳಿಗೆ ಎರಡು ಕಡೆ ಕಿವಿಯೋಲೆಯಂತೆ ತಂತಿಯನ್ನು ಬೆಸೆದಿರುತ್ತಿದ್ದರು, ಬಿಚ್ಚುವಂತಿರಲಿಲ್ಲ. ಬಿಚ್ಚಿ ಹಾಕುವ ಸ್ಪ್ರಿಂಗ್ ಪಿನ್ನು ರೂಢಿಗೆ ಬಂದದ್ದು ಸುಮಾರು 1930ರ ದಶಕದಲ್ಲಿ. ಬೆಲ್ಟು ಬದಲಿಸುವುದು ಸುಲಭವಾಯಿತು, ವಾಚು ಬೀಳುವುದೂ ಸುಲಭವಾಯಿತು. ಎರಡನೇ ಮಹಾಯುದ್ಧದ ಬ್ರಿಟಿಷ್ ಸೈನ್ಯ ತನ್ನ ವಾಚುಗಳಿಗೆ ಮತ್ತೆ ಕದಲದ ಕಂಬಿಯನ್ನೇ ಹಾಕಿಸಿತು. 1973ರಲ್ಲಿ ಅವರ ರಕ್ಷಣಾ ಇಲಾಖೆ ಒಂದು ನೈಲಾನ್ ಪಟ್ಟಿಯನ್ನೂ ಗೊತ್ತುಮಾಡಿತು. ಎರಡು ತುಂಡಿನ ಬೆಲ್ಟಲ್ಲ, ಒಂದೇ ಉದ್ದ ಪಟ್ಟಿ, ಒಂದು ಕಂಬಿಯ ಕೆಳಗೆ ತೂರಿ ವಾಚಿನ ಬೆನ್ನ ಹಿಂದೆ ಹಾದು ಇನ್ನೊಂದು ಕಂಬಿಯಲ್ಲಿ ಹೊರಬರುತ್ತದೆ. ಸ್ಪ್ರಿಂಗ್ ಪಿನ್ನಿನ ವಾಚಿಗೆ ಇದನ್ನು ಹಾಕಿದರೆ ಒಂದು ಪಿನ್ನು ಹೋದರೂ ವಾಚು ಇನ್ನೊಂದರಲ್ಲಿ ನೇತಾಡಿಕೊಂಡು ಉಳಿಯುತ್ತದೆ. ಓಡಾಡುವ ಮಕ್ಕಳಿಗೆ ಇದೇ ವಾಸಿ ಎಂದು ನನ್ನ ಅಭಿಪ್ರಾಯ, ತೊಗಲಿನಷ್ಟು ಚೆಂದ ಕಾಣದಿದ್ದರೂ.

ನಮ್ಮೂರಿನ ಆಚೆ, 1965ರಿಂದ ಭೂಕಂಪ ಅಳೆಯುವ ಕೇಂದ್ರವಿದೆ. ಹೊಲಗಳ ನಡುವೆ ಅಲ್ಲಲ್ಲಿ ಹೂತಿಟ್ಟ ಉಪಕರಣಗಳಿಗೆ ಅಲೆ ಎಷ್ಟೆಷ್ಟು ಹೊತ್ತಿಗೆ ಮುಟ್ಟಿತು ಎಂಬ ಕೂದಲೆಳೆಯ ವ್ಯತ್ಯಾಸದಿಂದ, ಎಲ್ಲೋ ದೂರದ ದೇಶದಲ್ಲಿ ನೆಲ ನಡುಗಿದ್ದು ಯಾವ ದಿಕ್ಕಿನಲ್ಲಿ ಎಂದು ಅಲ್ಲಿ ಲೆಕ್ಕ ಹಾಕುತ್ತಾರೆ. ಅಂಥ ಊರಿನಲ್ಲಿದ್ದುಕೊಂಡು ನಮ್ಮ ಮನೆಯ ಸಮಯ ನಾಗರಕಲ್ಲಿನ ಬುಡದಲ್ಲಿ ನಿಂತುಹೋಯಿತಲ್ಲ ಎಂದು ನಮ್ಮ ಮನೆಯವರು ನಗಾಡಿದರು. ನನಗೆ ನಗು ಬರಲಿಲ್ಲ.

ತಾತ ಗುರುವಾರ ಬರಲು ಹೇಳಿದ್ದರು. ಹೋದೆವು. ಹೊಸ ಗಾಜಿಗೆ ನೂರೈವತ್ತು, ಬಿಚ್ಚಿ ತೊಳೆದು ಎಣ್ಣೆ ಹಾಕಿ ಮುಳ್ಳು ಕೂರಿಸಿದ್ದಕ್ಕೆ ನಾನೂರು, ಸ್ಟೀಲಿನ ಪಿನ್ನು ಎರಡಕ್ಕೆ ಎಂಬತ್ತು. ಒಟ್ಟು ಆರುನೂರ ಮೂವತ್ತು. ಬೆಂಗಳೂರಿನಲ್ಲಿ ಐವತ್ತು ರೂಪಾಯಿ ಇಳಿಸಿದ ನನ್ನ ಜಂಬ ಅಲ್ಲಿಗೆ ಮುಗಿಯಿತು. ಯಂತ್ರಕ್ಕೆ ಏನೂ ಆಗಿರಲಿಲ್ಲವಂತೆ, ಕಳಚಿದ ಮುಳ್ಳು ಅಡ್ಡ ಸಿಕ್ಕಿಕೊಂಡು ನಿಂತಿತ್ತಷ್ಟೆ. ತಾತ ವಾಚನ್ನು ಪುಟ್ಟಿಯ ಕಿವಿಗೇ ಹಿಡಿದರು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಬಹಳ ಹೊತ್ತು ಕೇಳಿದಳು, ಹಿಂದೆ ನಿಂತ ಗಿರಾಕಿಗೆ ಬೇಸರವಾಗುವಷ್ಟು.

ಪಿನ್ನನ್ನು ನಾನೇ ಹಾಕುವುದು ಕಲಿಯಬೇಕು ಎಂದೆ. ತಾತ ಕಲಿಸಿದರು. ಒಂದು ತುದಿಯನ್ನು ಗುಳಿಗೆ ಇಟ್ಟು ಇನ್ನೊಂದನ್ನು ಕವಲು ಕಡ್ಡಿಯಿಂದ ಒತ್ತಿ ಜಾರಿಸುವುದು. ನನ್ನ ಮೊದಲ ಪಿನ್ನು ಚಿಮ್ಮಿ ಪಕ್ಕದ ಬೀಡಾ ಅಂಗಡಿಯವನ ಸುಣ್ಣದ ಡಬ್ಬಿಗೆ ಬಿತ್ತು, ಸುಳ್ಳಲ್ಲ. ಮನೆಯಲ್ಲಿ ಮಾಡುವವರು ವಾಚನ್ನೂ ಕೈಯನ್ನೂ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡು ಮಾಡಿ, ಚಿಮ್ಮಿದರೆ ಅದರೊಳಗೇ ಇರುತ್ತದೆ. ಮಕ್ಕಳು ಮುಖ ಹತ್ತಿರ ತರಬಾರದು, ಕಣ್ಣಿಗೆ ಬಿದ್ದರೆ ಹತ್ತು ರೂಪಾಯಿಯ ಮಾತಲ್ಲ. ಚಾಕುವಿನ ತುದಿಯಿಂದಂತೂ ಬೇಡವೇ ಬೇಡ. ಪುಟ್ಟ ಪಾಪು ಇರುವ ಮನೆಯಾದರೆ ಹಳೇ ಪಿನ್ನು ನೆಲದಲ್ಲಿ ಉಳಿಯದಂತೆ ನೋಡಿಕೊಳ್ಳಿ, ಅವು ಎಲ್ಲವನ್ನೂ ಬಾಯಿಗೇ ಹಾಕುತ್ತವೆ. ಈಚೆಗೆ ಬೆಲ್ಟಿನ ಹಿಂದೆ ಸಣ್ಣ ಗುಬ್ಬಿ ಇರುವ ಪಿನ್ನು ಬಂದಿದೆ, ಉಗುರಿನಲ್ಲೇ ಸರಿಸಿ ತೆಗೆಯಬಹುದು. ಹೊಸಬರಿಗೆ ಅದೇ ಸಲೀಸು.

ಎಷ್ಟು ದಿನಕ್ಕೆ ಬದಲಿಸಬೇಕು ಎಂದು ಕೇಳಿದೆ. ಬೆಲ್ಟು ಬದಲಿಸಿದಾಗೆಲ್ಲ ಪಿನ್ನೂ ಬದಲಿಸಿ ಎಂದರು ತಾತ. ದಿನಾ ಕಟ್ಟುವವರು, ಅದರಲ್ಲೂ ಹೊಲಗದ್ದೆಯಲ್ಲಿ ಬೆವರು ಸುರಿಸುವವರು, ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿದರೆ ಒಳ್ಳೆಯದು.

ಹಣ ಕೊಟ್ಟು ಮೆಟ್ಟಿಲಿಳಿದೆವು. ಬಸ್ ನಿಲ್ದಾಣದ ತನಕ ಪುಟ್ಟಿ ವಾಚನ್ನು ಕೈಗೆ ಕಟ್ಟಲಿಲ್ಲ, ಮುಷ್ಟಿಯಲ್ಲೇ ಹಿಡಿದಿದ್ದಳು. ಬೆಲ್ಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನಿಂತುಬಿಟ್ಟಳು.

‘ಅಮ್ಮ, ಬಕಲ್ಲಿನ ಹತ್ರಾನೂ ಒಂದು ಪಿನ್ನಿದೆ!’

ನೋಡಿದೆ. ಹೌದು, ಬೆಲ್ಟಿಗೆ ಬಕಲ್ಲನ್ನು ಹಿಡಿದಿರುವುದೂ ಅಂಥದ್ದೇ ಪಿನ್ನು, ಸ್ವಲ್ಪ ಗಿಡ್ಡ. ಹೊಸ ಬೆಲ್ಟಿಗೆ ಅಪ್ಪನ ಹಳೇ ಬಕಲ್ಲೇ ಇರಲಿ ಎಂದು ಬೆಂಗಳೂರಿನ ಅಂಗಡಿಯಲ್ಲಿ ಹಟ ಹಿಡಿದು ಹಾಕಿಸಿದ್ದವಳು ನಾನೇ. ಬಕಲ್ಲಿನ ಜೊತೆ ಅದರ ಪಿನ್ನೂ ಬಂದಿತ್ತು. ಉಗುರಿನಿಂದ ಒತ್ತಿ ನೋಡಿದೆ. ತುದಿ ಒಳಗೆ ಹೋಯಿತು, ನಿಧಾನಕ್ಕೆ, ಬೇಕೋ ಬೇಡವೋ ಎಂಬಂತೆ ಹೊರಗೆ ಬಂತು.

ನಾವು ಮತ್ತೆ ತಾತನ ಅಂಗಡಿಯ ಕಡೆ ತಿರುಗಿದೆವು. ತಾತ ಬಲ್ಬು ಆರಿಸಿ ಗಾಜಿನ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದರು. ಪುಟ್ಟಿಯ ಮುಖ ನೋಡಿ ಬೀಗ ತೆಗೆದರು.

‘ಹದಿನಾರನೇ ನಂಬರ್ದು ಬೇಕಲ್ಲ?’ ಎಂದರು. ‘ನೀನೇ ಬಂದು ಕೇಳ್ತೀಯೋ ಇಲ್ವೋ ನೋಡೋಣ ಅಂತಿದ್ದೆ.’